ಕತ್ತಲೆ ಹಾಲ್‌ನಲ್ಲಿ ಬ್ಯಾಂಡ್ ಫೋಟೋ: ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ ದೂರ ಇಡುವವರು ಯಾರಾದರೂ ಇದ್ದೀರಾ?

ಮಬ್ಬುಬೆಳಕು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ. ತಾಳ್ಮೆಯಿಂದ ಓದಿ.

ಎರಡು ವರ್ಷದಿಂದ ಸಣ್ಣ ಹಾಲ್‌ಗಳಲ್ಲಿ ನುಡಿಸುವ ಬ್ಯಾಂಡ್‌ಗಳ ಫೋಟೋ ತೆಗೆಯುತ್ತಿದ್ದೇನೆ. ನೂರು, ನೂರೈವತ್ತು ಜನ ಹಿಡಿಸುವ ಜಾಗಗಳು. ಸೀಲಿಂಗ್ ಕಪ್ಪು, ಗೋಡೆ ಕಪ್ಪು. ಸ್ಟೇಜ್ ಮೇಲೆ ನಾಲ್ಕು ಎಲ್‌ಇಡಿ ಪಾರ್ ಲೈಟ್, ಅದರಲ್ಲಿ ಎರಡು ಸದಾ ಕೆಂಪು. ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಶಕ್ತಿ) 6400, ಎಫ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ) 1.8, ಶಟರ್ 1/125 ಸೆಕೆಂಡ್. ಇಷ್ಟೆಲ್ಲ ಮಾಡಿದರೂ ಹಾಡುವವರ ಮುಖ ಕೆಂಪು ಬಣ್ಣ ಬಳಿದ ಹಾಗೆ ಬರುತ್ತದೆ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಡ್ರಮ್ಸ್ ನುಡಿಸುವವರಂತೂ ಚಿತ್ರದಲ್ಲೇ ಇರುವುದಿಲ್ಲ. ಅವರ ಜಾಗದಲ್ಲಿ ಬರೀ ಕತ್ತಲು.

ಕ್ಯಾಮೆರಾ ಮೇಲೆ ಫ್ಲಾಶ್ ಹಾಕಿ ನೋಡಿದೆ. ಗುರುತಿನ ಚೀಟಿ ಫೋಟೋ ತರಹ ಬಂತು. ಮುಖ ಬಿಳಿ, ಹಿಂದೆ ಎಲ್ಲ ಕಪ್ಪು, ಮೈಕಿನ ನೆರಳು ಗಲ್ಲದ ಮೇಲೆ. ಆ ಸಂಜೆಯ ಬಣ್ಣ, ಹೊಗೆ, ಬಿಸಿ ಏನೂ ಉಳಿಯಲಿಲ್ಲ.

ಹೋದ ವಾರ ಒಂದು ಬ್ಯಾಂಡಿನವರು ಒಪ್ಪಿದರು. ಎರಡು ಫ್ಲಾಶ್ ತೆಗೆದುಕೊಂಡು ಹೋಗಿ ಸ್ಟೇಜಿನ ಎರಡು ಮುಂದಿನ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟೆ. ಕ್ಯಾಮೆರಾ ಒತ್ತಿದಾಗ ತಂತಿಯಿಲ್ಲದೆ ಫ್ಲಾಶ್ ಹೊಡೆಸುವ ರೇಡಿಯೋ ಟ್ರಿಗರ್ ಹಾಕಿದೆ. ನೂರು ಸಲ ಒತ್ತಿದರೆ ನಲವತ್ತು ಸಲ ಒಂದೇ ಫ್ಲಾಶ್ ಹೊಡೆಯಿತು, ಕೆಲವೊಮ್ಮೆ ಒಂದೂ ಇಲ್ಲ. ಆದರೆ ಸರಿಯಾಗಿ ಬಂದ ಎಂಟು ಹತ್ತು ಚಿತ್ರ ನೋಡಿದಾಗ ಮೈ ಜುಂ ಅಂದಿತು. ಗಿಟಾರ್ ತಂತಿಯ ಅಂಚು, ಬೆವರು, ಕೂದಲು ಎಲ್ಲ ಕಾಣುತ್ತಿತ್ತು. ಇದರಲ್ಲಿ ಏನೋ ಇದೆ ಅನಿಸಿತು.

ಎಲ್ಲಿ ಇಡಬೇಕು, ಎಷ್ಟು ಪವರ್, ನುಡಿಸುವವರಿಗೂ ಕೇಳುವವರಿಗೂ ಕಿರಿಕಿರಿ ಆಗದ ಹಾಗೆ ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.


ಅರ್ಧಸ್ಟಾಪ್:

ಒಳ್ಳೆ ಪ್ರಶ್ನೆ. ನಾನು ಮೊದಲು ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ ಹೇಳುತ್ತೇನೆ. ಅದು ಕೈಗೆ ಬಂದರೆ ಉಳಿದದ್ದು ಸುಲಭ.

ಹಾಲ್‌ಗೆ ಹೋದ ಕೂಡಲೇ ಫ್ಲಾಶ್ ಆನ್ ಮಾಡಬೇಡಿ. ಮೊದಲು ಸ್ಟೇಜ್ ಲೈಟಿಗೆ ಮಾತ್ರ ಎಕ್ಸ್‌ಪೋಶರ್ ಹೊಂದಿಸಿ. ಚಿತ್ರ ಸರಿ ಬಂತಾ? ಅಲ್ಲಿಂದ ಒಂದೂವರೆ, ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಹಿನ್ನೆಲೆಯ ಬಣ್ಣ ಉಳಿಯುತ್ತದೆ, ಆದರೆ ಮುಖ ಕತ್ತಲಾಗುತ್ತದೆ. ಆ ಕತ್ತಲನ್ನು ತುಂಬುವುದಷ್ಟೇ ಫ್ಲಾಶಿನ ಕೆಲಸ. ಹೋದ ವಾರ ನೀವು ಐಎಸ್‌ಒ 200, ಎಫ್ 8 ಹಾಕಿಕೊಂಡು ತೆಗೆದಿದ್ದರೆ ಹಾಲ್‌ನ ಬೆಳಕೆಲ್ಲ ಸತ್ತು ಹೋಗಿರುತ್ತದೆ. ಹೊಸದಾಗಿ ಶುರು ಮಾಡಿದವರೆಲ್ಲ ಇಲ್ಲೇ ಎಡವುತ್ತಾರೆ.

ಶಟರ್ ಸ್ಪೀಡ್ ಹಾಲ್‌ನ ಬೆಳಕನ್ನು ಮಾತ್ರ ಏರಿಳಿಸುತ್ತದೆ. ಅಪರ್ಚರ್ (ಎಫ್ ಸಂಖ್ಯೆ) ಮತ್ತು ಐಎಸ್‌ಒ ಹಾಲ್‌ನ ಬೆಳಕು, ಫ್ಲಾಶಿನ ಬೆಳಕು ಎರಡನ್ನೂ ಏರಿಳಿಸುತ್ತವೆ. ಹಿನ್ನೆಲೆ ಇನ್ನಷ್ಟು ಬೇಕಾ, 1/125ರಿಂದ 1/60ಕ್ಕೆ ಇಳಿಯಿರಿ. ಫ್ಲಾಶಿನ ಬೆಳಕು ಹಾಗೇ ಇರುತ್ತದೆ. ಮೇಲಕ್ಕೆ ಹೋಗುವಾಗ ಸಿಂಕ್ ಸ್ಪೀಡ್ (ಫ್ಲಾಶ್ ಜೊತೆ ಶಟರ್ ಹೋಗಬಹುದಾದ ಗರಿಷ್ಠ ವೇಗ) ದಾಟಬೇಡಿ. ಸಾಮಾನ್ಯವಾಗಿ 1/200 ಅಥವಾ 1/250. ಕೆಲವು ಟ್ರಿಗರ್‌ಗಳು ಒಂದು ಚೂರು ತಡ ಮಾಡುತ್ತವೆ. ಆಗ 1/250ರಲ್ಲಿ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. 1/160ರಲ್ಲಿ ನಿಂತರೆ ಆ ತಲೆನೋವೇ ಇಲ್ಲ.

ಪವರ್ ಬಗ್ಗೆ ಒಂದು ಲೆಕ್ಕ. ಐಎಸ್‌ಒ 100ರಲ್ಲಿ ನಿಮ್ಮ ಫ್ಲಾಶಿನ ಗೈಡ್ ನಂಬರ್ (ಫ್ಲಾಶಿನ ಬಲದ ಅಳತೆ, ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದ್ದು) 36 ಮೀಟರ್ ಅಂತ ಇಟ್ಟುಕೊಳ್ಳಿ. 1/32 ಪವರಿಗೆ ಇಳಿಸಿದರೆ ಅದು ಸುಮಾರು 6.4 ಆಗುತ್ತದೆ. ಐಎಸ್‌ಒ 1600ಕ್ಕೆ ಏರಿಸಿದರೆ ನಾಲ್ಕು ಪಟ್ಟು, ಅಂದರೆ ಸುಮಾರು 25. ಎಫ್ 4ರಿಂದ ಭಾಗಿಸಿ. ಆರು ಮೀಟರಿಗೂ ಸ್ವಲ್ಪ ಜಾಸ್ತಿ ದೂರದ ತನಕ ಬೆಳಕು ಸಾಕಾಗುತ್ತದೆ. ಎಫ್ 2.8 ಆದರೆ ಒಂಬತ್ತು ಮೀಟರ್. ಸಣ್ಣ ಸ್ಟೇಜಿಗೆ ಇದಕ್ಕಿಂತ ಬೇಡವೇ ಬೇಡ.

ಕಡಿಮೆ ಪವರ್ ಇಟ್ಟರೆ ಇನ್ನೊಂದು ಲಾಭ ಇದೆ. ಫ್ಲಾಶ್ ಬೆಳಗುವ ಹೊತ್ತೇ ಕಡಿಮೆಯಾಗುತ್ತದೆ. ನನ್ನ ಹತ್ತಿರ ಹಳೆಯ ನಿಕಾನ್ ಎಸ್‌ಬಿ-800 ಇದೆ. ಅದರ ಕೈಪಿಡಿಯಲ್ಲಿ ಪೂರ್ತಿ ಪವರಿಗೆ 1/1050 ಸೆಕೆಂಡ್, 1/32 ಪವರಿಗೆ 1/17800 ಸೆಕೆಂಡ್ ಅಂತ ಕೊಟ್ಟಿದ್ದಾರೆ. ಡ್ರಮ್ ಕೋಲಿನ ತುದಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿಯುತ್ತಿದೆ ಎಂದುಕೊಳ್ಳಿ. 1/200ರಲ್ಲಿ ಅದು 5 ಸೆಂಟಿಮೀಟರ್ ಓಡಿರುತ್ತದೆ. 1/10000ರಲ್ಲಿ ಒಂದೇ ಮಿಲಿಮೀಟರ್. ಕೋಲು ಗಾಳಿಯಲ್ಲಿ ನಿಂತ ಹಾಗೆ ಬರುತ್ತದೆ. ಬ್ಯಾಟರಿಯೂ ಇಡೀ ಕಾರ್ಯಕ್ರಮ ಬಾಳುತ್ತದೆ, ಮತ್ತೆ ಚಾರ್ಜ್ ಆಗಲು ಕಾಯಬೇಕಾಗಿಲ್ಲ.

ಟಿಟಿಎಲ್ (ಕ್ಯಾಮೆರಾ ತಾನೇ ಅಳೆದು ಫ್ಲಾಶ್ ಪವರ್ ಹೊಂದಿಸುವುದು) ಬೇಡ, ಮ್ಯಾನುಯಲ್ ಇಡಿ. ಸ್ಟೇಜ್ ಲೈಟ್ ಕ್ಷಣಕ್ಕೊಮ್ಮೆ ಬದಲಾಗುತ್ತದೆ, ಟಿಟಿಎಲ್ ಅದರ ಹಿಂದೆ ಓಡಿ ಒಂದೊಂದು ಚಿತ್ರಕ್ಕೆ ಒಂದೊಂದು ಪವರ್ ಕೊಡುತ್ತದೆ. ನಿಮ್ಮ ಫ್ಲಾಶ್ ಒಂದು ಕಡೆ ಕಟ್ಟಿದೆ, ಹಾಡುವವರು ಮೈಕಿನ ಹತ್ತಿರ ಇರುತ್ತಾರೆ. ದೂರ ಬದಲಾಗದಿದ್ದರೆ ಪವರ್ ಯಾಕೆ ಬದಲಾಗಬೇಕು?


ಹಳೇರೀಲು:

ಲೆಕ್ಕ ಚೆನ್ನಾಗಿ ಹೇಳಿದ್ದೀರಿ. ನಾನು ಜಾಗದ ಬಗ್ಗೆ ಹೇಳುತ್ತೇನೆ.

ಹರ್ಮನ್ ಲೆನರ್ಡ್ ಅಂತ ಒಬ್ಬ ಛಾಯಾಗ್ರಾಹಕ ಇದ್ದರು. 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಜಾಜ್ ಕ್ಲಬ್ಬುಗಳಲ್ಲಿ ಫೋಟೋ ತೆಗೆಯುತ್ತಿದ್ದರು. ಈಗಿನ ಐಎಸ್‌ಒ ಆಗ ಎಲ್ಲಿತ್ತು? ನಿಧಾನದ ಫಿಲ್ಮು, ಕತ್ತಲೆ ಕ್ಲಬ್ಬು. ಅವರ ಕೈಯಲ್ಲಿ ಇದ್ದದ್ದು ಬರೀ ಎರಡು ಫ್ಲಾಶ್. ಅವನ್ನು ಕ್ಲಬ್ಬಿನ ಸ್ಪಾಟ್‌ಲೈಟಿನ ಪಕ್ಕದಲ್ಲೇ ಇಡುತ್ತಿದ್ದರು. ಬೆಳಕು ಬರುವ ದಿಕ್ಕು ಕ್ಲಬ್ಬಿನದೇ, ಬಲ ಮಾತ್ರ ಫ್ಲಾಶಿನದು. 1948ರಲ್ಲಿ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ತೆಗೆದ ಡೆಕ್ಸ್ಟರ್ ಗಾರ್ಡನ್ ಚಿತ್ರ ನೋಡಿ. ಸ್ಯಾಕ್ಸೋಫೋನ್ ಮಡಿಲಲ್ಲಿ, ಕೈಯಲ್ಲಿ ಸಿಗರೇಟು, ತಲೆಯ ಮೇಲೆ ಹೊಗೆ ಮೋಡದ ಹಾಗೆ ನಿಂತಿದೆ. ಹಿಂದಿನಿಂದ ಬಿದ್ದ ಬೆಳಕು ಇಲ್ಲದಿದ್ದರೆ ಆ ಹೊಗೆ ಕಾಣುತ್ತಲೇ ಇರಲಿಲ್ಲ.

ನಾನು ಈಗಲೂ ಅದನ್ನೇ ಮಾಡುತ್ತೇನೆ. ಹಾಲ್‌ಗೆ ಹೋದ ಮೇಲೆ ಮೊದಲು ನೋಡುವುದು ಅಲ್ಲಿ ಆಗಲೇ ಇರುವ ಲೈಟು ಎಲ್ಲಿದೆ ಅಂತ. ಅದರ ಪಕ್ಕದಲ್ಲೇ ನನ್ನ ಫ್ಲಾಶ್. ನೋಡುವವರಿಗೆ ಅದು ಸ್ಟೇಜ್ ಲೈಟೇ ಅನಿಸಬೇಕು.

ಮಬ್ಬುಬೆಳಕು ಅವರೇ, ನೀವು ಎರಡೂ ಮುಂದಿನ ಮೂಲೆಯಲ್ಲಿ ಇಟ್ಟಿದ್ದು ನನಗೆ ಸರಿ ಕಾಣಲಿಲ್ಲ. ಎರಡು ಕಡೆಯಿಂದ ಸಮ ಬೆಳಕು ಬಿದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ, ಮೂಗಿನ ಎರಡೂ ಪಕ್ಕ ನೆರಳು ಬೀಳುತ್ತದೆ. ಒಂದನ್ನು ಎತ್ತಿಕೊಂಡು ಹೋಗಿ ಎದುರು ಮೂಲೆಯ ಹಿಂದೆ ಇಡಿ. ಮುಂದೆ ಎಡಕ್ಕೆ ಒಂದು, ಹಿಂದೆ ಬಲಕ್ಕೆ ಒಂದು. ಕರ್ಣದ ಹಾಗೆ. ಒಂದು ಮುಖಕ್ಕೆ ಬೀಳುತ್ತದೆ, ಇನ್ನೊಂದು ಭುಜ, ಕೂದಲು, ಗಿಟಾರಿನ ಅಂಚನ್ನು ಕೆತ್ತುತ್ತದೆ. ನೀವು ಸ್ಟೇಜಿನ ಇನ್ನೊಂದು ಪಕ್ಕಕ್ಕೆ ಹೋದರೆ ಎರಡರ ಕೆಲಸ ಅದಲುಬದಲಾಗುತ್ತದೆ. ಹಾಗಾಗಿ ಎಲ್ಲಿ ನಿಂತರೂ ಚಿತ್ರ ಸಿಗುತ್ತದೆ.


ಲೈಟುಮೇಜು:

ನಾನು ಫೋಟೋದವನಲ್ಲ. ಸ್ಟೇಜ್ ಲೈಟಿಂಗ್ ಮಾಡುವವನು. ಸ್ನೇಹಿತರೊಬ್ಬರು ಈ ಚರ್ಚೆ ತೋರಿಸಿದರು. ಒಂದೆರಡು ಮಾತು ಹೇಳಲೇಬೇಕು ಅನಿಸಿತು.

ಇಷ್ಟು ಜನ ಬರೆದಿದ್ದೀರಿ, ಲೈಟಿಂಗ್ ನೋಡಿಕೊಳ್ಳುವವರನ್ನು ಕೇಳಿ ಅಂತ ಒಬ್ಬರೂ ಹೇಳಲಿಲ್ಲ. ಒಂದು ಹಾಡಿಗೆ ಬೆಳಕು ಕಟ್ಟುವುದು ಅಂದರೆ ಎಷ್ಟೋ ಗಂಟೆಯ ಕೆಲಸ. ಎರಡನೇ ಚರಣ ಮುಗಿದ ಕೂಡಲೇ ಪೂರ್ತಿ ಕತ್ತಲು ಮಾಡಿರುತ್ತೇನೆ. ಎಂಟು ಎಣಿಕೆ ಕತ್ತಲು, ಆಮೇಲೆ ಒಂದೇ ಒಂದು ನೀಲಿ ಕಿರಣ. ಆ ಎಂಟು ಎಣಿಕೆಯ ನಡುವೆ ಯಾರೋ ಫ್ಲಾಶ್ ಹೊಡೆದರೆ ಕೇಳುಗರ ಕಣ್ಣು ಕಟ್ಟಿ ಹೋಗುತ್ತದೆ, ಮುಂದೆ ಬರುವ ನೀಲಿ ಅವರಿಗೆ ಕಾಣುವುದೇ ಇಲ್ಲ. ನನಗೆ ಒಂದು ಸಲ ಹೀಗೆ ಆಗಿದೆ. ಇವತ್ತಿಗೂ ಬೇಜಾರಿದೆ.

ಇನ್ನೊಂದು ಗಂಭೀರ ವಿಷಯ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ಜನ ಇರುತ್ತಾರೆ. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು ಅವರಿಗೆ ಅಪಾಯ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಸ್ಟ್ರೋಬ್ ಲೈಟನ್ನು ಸೆಕೆಂಡಿಗೆ 4 ಸಲ ಮೀರಬೇಡಿ ಅನ್ನುತ್ತದೆ. ನಾವು ಸ್ಟ್ರೋಬ್ ಹಾಕುವಾಗ ಬಾಗಿಲಲ್ಲಿ ಎಚ್ಚರಿಕೆ ಅಂಟಿಸುತ್ತೇವೆ. ಈಗ ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆ. ಫ್ಲಾಶ್ 1/32 ಪವರಿನಲ್ಲಿ ಅದಕ್ಕೆ ಸರಿಯಾಗಿ ಹೊಡೆಯುತ್ತಲೂ ಇರುತ್ತದೆ. ಅರ್ಥವಾಯಿತಲ್ಲ? ಬರ್ಸ್ಟ್ ಮೋಡ್ ಆಫ್ ಮಾಡಿ. ಒಂದು ಒತ್ತು, ಒಂದು ಚಿತ್ರ. ಇದರಲ್ಲಿ ರಾಜಿ ಬೇಡ.

ಹಾಗಂತ ನಾನು ಪೂರ್ತಿ ವಿರೋಧಿ ಅಲ್ಲ. ಸೌಂಡ್ ಚೆಕ್ ಹೊತ್ತಿಗೆ ಬಂದು, ಹೀಗೆ ಮಾಡಬೇಕು ಅಂತಿದ್ದೇನೆ ಎಂದು ತೋರಿಸಿದರೆ ನಾನೇ ಜಾಗ ತೋರಿಸುತ್ತೇನೆ. ಯಾವ ಹಾಡಿನಲ್ಲಿ ಬೇಡ, ಯಾವ ಹಾಡಿನಲ್ಲಿ ಪರವಾಗಿಲ್ಲ ಅಂತಲೂ ಹೇಳುತ್ತೇನೆ. ಜೋರು ಹಾಡು, ಬೆಳಕು ಹೇಗೂ ಹಾರಾಡುತ್ತಿರುವಾಗ ನಿಮ್ಮ ಫ್ಲಾಶ್ ಯಾರ ಗಮನಕ್ಕೂ ಬರುವುದಿಲ್ಲ.


ಮಬ್ಬುಬೆಳಕು:

ಲೈಟುಮೇಜು ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬ್ಯಾಂಡಿನವರನ್ನು ಕೇಳಿದೆ, ಲೈಟಿಂಗ್‌ನವರನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಬರ್ಸ್ಟ್ ಮೋಡಿನಲ್ಲೇ ಇಟ್ಟಿದ್ದೆ ಕೂಡ. ಫಿಟ್ಸ್ ವಿಷಯ ಓದಿ ಎದೆ ಧಸಕ್ ಅಂದಿತು. ಆ ದಿನ ಯಾರಿಗೂ ಏನೂ ಆಗಲಿಲ್ಲ ಅನ್ನುವುದೇ ಸಮಾಧಾನ. ಮುಂದಿನ ಸಲ ಖಂಡಿತ ಮೊದಲೇ ಬಂದು ಮಾತಾಡುತ್ತೇನೆ.


ಸಿಂಬಲ್‌ಸದ್ದು:

ನಾನು ಡ್ರಮ್ಸ್ ನುಡಿಸುತ್ತೇನೆ. ಸ್ಟೇಜ್ ಮೇಲಿನಿಂದ ಇದು ಹೇಗಿರುತ್ತದೆ ಅಂತ ಹೇಳುತ್ತೇನೆ.

ಎದುರಿನಿಂದ, ಕಣ್ಣಿನ ಮಟ್ಟದಲ್ಲಿ ಫ್ಲಾಶ್ ಹೊಡೆದರೆ ಎರಡು ಮೂರು ಸೆಕೆಂಡ್ ಕಣ್ಣ ಮುಂದೆ ನೇರಳೆ ಚುಕ್ಕೆ ತೇಲುತ್ತದೆ. ಆಗ ನನಗೆ ಬೇಸ್ ನುಡಿಸುವವರ ಕೈ ಕಾಣುವುದಿಲ್ಲ. ನಾವು ಹಾಡಿನ ತಿರುವುಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಮುಂದೆ ಹೋಗುವುದು. ಅಲ್ಲಿ ತಪ್ಪಿದರೆ ತಾಳ ಜಾರುತ್ತದೆ.

ಮೇಲಿನಿಂದ ಅಥವಾ ನನ್ನ ಬೆನ್ನ ಹಿಂದಿನಿಂದ ಬಂದರೆ ನನಗೆ ಗೊತ್ತೇ ಆಗುವುದಿಲ್ಲ. ಒಬ್ಬರು ನನ್ನ ಸ್ಟೂಲಿನ ಹಿಂದೆ, ತಲೆಗಿಂತ ಎರಡು ಅಡಿ ಮೇಲೆ ಒಂದು ಫ್ಲಾಶ್ ಕಟ್ಟಿದ್ದರು. ಸಿಂಬಲ್ ಅಂಚಿಗೆಲ್ಲ ಬೆಳಕಿನ ಗೆರೆ, ಕೂದಲಿನಿಂದ ಹಾರಿದ ಬೆವರಿನ ಹನಿ ಒಂದೊಂದೂ ಕಾಣುತ್ತಿತ್ತು. ಎಷ್ಟೋ ವರ್ಷ ನುಡಿಸಿದ್ದೇನೆ, ನನ್ನ ಮುಖ ಕಾಣುವ ಫೋಟೋ ಅದೇ ಮೊದಲು. ಅಮ್ಮನಿಗೆ ಕಳಿಸಿದೆ. ದಯವಿಟ್ಟು ಹಿಂದೆ ಕೂತವರನ್ನು ಮರೆಯಬೇಡಿ. ನಮ್ಮ ಕಡೆ ಬೆಳಕು ಬರುವುದೇ ಅಪರೂಪ.

ಇನ್ನೊಂದು. ಫ್ಲಾಶಿನ ಅಥವಾ ಟ್ರಿಗರಿನ ಆಟೋಫೋಕಸ್ ದೀಪ ಆಫ್ ಮಾಡಿ. ಹಾಡುವವರ ಮುಖದ ಮೇಲೆ ಕೆಂಪು ಗೆರೆಗಳು ಬೀಳುತ್ತವೆ. ಫ್ಲಾಶಿಗಿಂತ ಅದೇ ಜಾಸ್ತಿ ಕಿರಿಕಿರಿ.


ಇದ್ದಬೆಳಕು:

ನನ್ನದು ಬೇರೆ ಅಭಿಪ್ರಾಯ. ಫ್ಲಾಶೇ ಯಾಕೆ ಬೇಕು? ಎಫ್ 1.4 ಲೆನ್ಸ್ ಇದೆ, ಐಎಸ್‌ಒ 12800ರಲ್ಲೂ ಈಗಿನ ಕ್ಯಾಮೆರಾ ಚೆನ್ನಾಗಿ ಕೊಡುತ್ತದೆ. ಚಿತ್ರದಲ್ಲಿ ಉಳಿದ ಕಾಳು ಕಾಳನ್ನು (ನಾಯ್ಸ್) ಸಾಫ್ಟ್‌ವೇರ್ ತೆಗೆಯುತ್ತದೆ. ಕಾರ್ಯಕ್ರಮ ಹೇಗಿತ್ತೋ ಹಾಗೆ ತೋರಿಸುವುದು ನಮ್ಮ ಕೆಲಸ. ಕತ್ತಲಿದ್ದರೆ ಕತ್ತಲೇ ಇರಲಿ. ದೊಡ್ಡ ಕಾರ್ಯಕ್ರಮಗಳಲ್ಲಿ ಮೊದಲ ಮೂರು ಹಾಡಿಗೆ ಮಾತ್ರ ಫೋಟೋ, ಅದೂ ಫ್ಲಾಶ್ ಇಲ್ಲದೆ ಅನ್ನುವ ನಿಯಮ ಸುಮ್ನೆ ಬಂದಿಲ್ಲ.


ಹಳೇರೀಲು:

ಇದ್ದಬೆಳಕು ಅವರೇ, ನೀವು ಹೇಳಿದ ಜಾಗಗಳಲ್ಲಿ ನಾನೂ ಫ್ಲಾಶ್ ತೆಗೆಯುವುದೇ ಇಲ್ಲ. ದೊಡ್ಡ ಸ್ಟೇಜಿನಲ್ಲಿ ಒಳ್ಳೆ ಲೈಟಿಂಗ್ ಇರುತ್ತದೆ, ನಿಯಮವೂ ಇರುತ್ತದೆ. ಪಿಸುಮಾತಿನ ಹಾಗೆ ಹಾಡುವ ಒಂಟಿ ಗಾಯಕಿಯ ಮುಂದೆಯೂ ಬೇಡ.

ಆದರೆ ಎರಡು ಕೆಂಪು ಎಲ್‌ಇಡಿ ಕೆಳಗೆ ನಿಂತವರ ಮುಖ ಬೇರೆಯೇ ಕಥೆ. ಅಲ್ಲಿ ಕೊರತೆ ಬರೀ ಬೆಳಕಿನದಲ್ಲ. ಕೆಂಪು ಎಲ್‌ಇಡಿಯಲ್ಲಿ ಹಸಿರು, ನೀಲಿ ಅನ್ನುವುದೇ ಇಲ್ಲದಷ್ಟು ಕಡಿಮೆ. ಸೆನ್ಸರಿನ ಕೆಂಪು ಚಾನೆಲ್ ತುಂಬಿ ಚೆಲ್ಲುತ್ತದೆ, ಉಳಿದ ಎರಡು ಖಾಲಿ. ಐಎಸ್‌ಒ ಎಷ್ಟು ಏರಿಸಿದರೂ ಇಲ್ಲದ ಬಣ್ಣ ಎಲ್ಲಿಂದ ಬರಬೇಕು? ಸಾಫ್ಟ್‌ವೇರ್ ಕಾಳು ತೆಗೆಯಬಹುದು, ಚರ್ಮದ ಬಣ್ಣ ತಂದು ಕೊಡುವುದಿಲ್ಲ. ಅಲ್ಲಿ ಒಂದು ಸಣ್ಣ ಫ್ಲಾಶ್ ಚಿತ್ರವನ್ನು ಉಳಿಸುತ್ತದೆ.


ಇದ್ದಬೆಳಕು:

ಬಣ್ಣದ ಮಾತು ಒಪ್ಪುತ್ತೇನೆ. ನಾನು ಅಂಥ ಚಿತ್ರಗಳನ್ನು ಕಪ್ಪು ಬಿಳುಪು ಮಾಡಿಬಿಡುತ್ತಿದ್ದೆ. ಅದು ತೊಂದರೆಯಿಂದ ತಪ್ಪಿಸಿಕೊಂಡ ಹಾಗೇ ಆಯಿತು ಅಂತ ಈಗ ಅನಿಸುತ್ತಿದೆ. ಆದರೂ ನನ್ನ ಮೊದಲ ಆಯ್ಕೆ ಇರುವ ಬೆಳಕೇ.


ತಂತಿಯಿಲ್ಲ:

ಟ್ರಿಗರ್ ಕೈಕೊಟ್ಟ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ನಾನೂ ಇದರಲ್ಲಿ ಬಹಳ ಒದ್ದಾಡಿದ್ದೇನೆ.

ಈಗಿನ ಹೆಚ್ಚಿನ ಟ್ರಿಗರ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್ ಕೂಡ ಅಲ್ಲೇ. ನೂರೈವತ್ತು ಜನರ ಜೇಬಿನಲ್ಲಿ ನೂರೈವತ್ತು ಫೋನು. ಖಾಲಿ ಹಾಲ್‌ನಲ್ಲಿ ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇರುತ್ತದೆ. ಜನ ತುಂಬಿದ ಮೇಲೆ ಕೈಕೊಡುತ್ತದೆ. ಇನ್ನೊಂದು ಕಾರಣವೂ ಇದೆ. ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ನೀವು ಜನರ ನಡುವೆ ಎದೆ ಮಟ್ಟದಲ್ಲಿ ಕ್ಯಾಮೆರಾ ಹಿಡಿದು ನಿಂತರೆ, ಫ್ಲಾಶಿಗೂ ನಿಮಗೂ ನಡುವೆ ಹತ್ತು ಸಾಲು ನೀರಿನ ಗೋಡೆ. ಅದಕ್ಕೆ ಫ್ಲಾಶನ್ನು ತಲೆಗಳಿಗಿಂತ ಮೇಲೆ ಕಟ್ಟಿ. ನನಗೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಲೋಹದ ಪೈಪಿಗೆ ಅಥವಾ ಆಂಪ್ಲಿಫಯರ್ ಹಿಂದೆ ರಿಸೀವರ್ ಅಂಟಿಕೊಂಡಿದ್ದರೆ ಒಂದು ಗೇಣು ಸರಿಸಿ ನೋಡಿ. ಚಾನೆಲ್ ಬದಲಿಸಿ ನೋಡಿ. ಟ್ರಿಗರಿನಲ್ಲಿ ಐಡಿ ಹಾಕುವ ಸೌಲಭ್ಯ ಇದ್ದರೆ ಹಾಕಿ, ಇಲ್ಲದಿದ್ದರೆ ಪಕ್ಕದ ಫೋಟೋಗ್ರಾಫರ್ ಒತ್ತಿದಾಗ ನಿಮ್ಮ ಫ್ಲಾಶ್ ಹೊಡೆಯಬಹುದು. ಕೆಲವು ಟ್ರಿಗರ್‌ಗಳು ತೀರಾ ಹತ್ತಿರ ಇದ್ದರೂ ತಪ್ಪುತ್ತವೆ. ಅಂಥವುಗಳ ಮೆನುವಿನಲ್ಲಿ 0–30 ಮೀಟರ್ ಅಂತ ಆಯ್ಕೆ ಇರುತ್ತದೆ. ಸಣ್ಣ ಹಾಲ್‌ಗೆ ಅದೇ ಇರಲಿ.

ಒಂದು ಮುಖ್ಯ ಮಾತು. ಕೆಲವು ಗಿಟಾರ್ ವೈರ್‌ಲೆಸ್ ಸೆಟ್‌ಗಳೂ 2.4 ಗಿಗಾಹರ್ಟ್ಸ್‌ನಲ್ಲೇ ಇರುತ್ತವೆ. ಸೌಂಡ್ ಚೆಕ್‌ನಲ್ಲಿ ಗಿಟಾರಿನವರನ್ನು ಕೇಳಿ. ಅವರು ನುಡಿಸುವಾಗ ಇಪ್ಪತ್ತು ಮೂವತ್ತು ಸಲ ಹೊಡೆದು ನೋಡಿ. ಸದ್ದಿನಲ್ಲಿ ಕಡಿತ ಬಂದರೆ ನಿಮ್ಮ ಚಾನೆಲ್ ನೀವು ಬದಲಿಸಿ, ಅವರಿಗೆ ಬದಲಿಸಿ ಅನ್ನಬೇಡಿ. ಕಾರ್ಯಕ್ರಮ ಅವರದು.

ಇನ್ನು ಸಣ್ಣ ಸಣ್ಣವು. ಫ್ಲಾಶಿನ ಸ್ಲೀಪ್ ಮೋಡ್ ಆಫ್ ಮಾಡಿ. ಅರ್ಧ ಗಂಟೆ ಸುಮ್ನೆ ಇದ್ದರೆ ಅದು ನಿದ್ದೆ ಹೋಗುತ್ತದೆ, ಎತ್ತರದಲ್ಲಿ ಕಟ್ಟಿದ್ದನ್ನು ಕಾರ್ಯಕ್ರಮದ ನಡುವೆ ಎಬ್ಬಿಸಲು ಆಗುವುದಿಲ್ಲ. ಆಪ್ಟಿಕಲ್ ಸ್ಲೇವ್ ಮೋಡ್ ಇದ್ದರೆ ಆಫ್. ಅದು ಯಾರದೋ ಕ್ಯಾಮೆರಾ ಫ್ಲಾಶಿಗೆ, ಸ್ಟೇಜಿನ ಸ್ಟ್ರೋಬಿಗೆ ತಾನೂ ಹೊಡೆಯುತ್ತದೆ. ಕ್ಯಾಮೆರಾದ ಸೈಲೆಂಟ್ ಶಟರ್ ಕೂಡ ಆಫ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಫ್ಲಾಶ್ ಹೊಡೆಯುವುದೇ ಇಲ್ಲ. ಟ್ರಿಗರನ್ನು ಬಯ್ಯುವ ಮೊದಲು ಇದನ್ನು ನೋಡಿ.


ಮಬ್ಬುಬೆಳಕು:

ಸೈಲೆಂಟ್ ಶಟರ್ ಆಫ್ ಇತ್ತು, ಪುಣ್ಯ. ಸ್ಲೀಪ್ ಮೋಡ್ ಆನ್ ಇತ್ತು. ಸ್ಟ್ಯಾಂಡ್ ಕೂಡ ಸೊಂಟದ ಮಟ್ಟದಲ್ಲಿತ್ತು, ಯಾರೂ ಎಡವದಿರಲಿ ಅಂತ. ಈಗ ತಿಳಿಯಿತು.

ಫ್ಲಾಶಿಗೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಬೇಕಾ? ಹೊಗೆ ಯಂತ್ರ ಇದ್ದರೆ ಏನು ಮಾಡಬೇಕು?


ಅರ್ಧಸ್ಟಾಪ್:

ಮುಖಕ್ಕೆ ಬೀಳುವ ಫ್ಲಾಶಿಗೆ ಅರ್ಧ ಸಿಟಿಒ, ಅಂದರೆ ತಿಳಿ ಕಿತ್ತಳೆ ಜೆಲ್ ಹಾಕಿ. ಬರಿಯ ಫ್ಲಾಶಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಗಲಿನ ಬಿಳಿ. ಬಣ್ಣದ ಸ್ಟೇಜಿನ ನಡುವೆ ಅದು ಎದ್ದು ಕಾಣುತ್ತದೆ. ಅರ್ಧ ಸಿಟಿಒ ಹಾಕಿ ಕ್ಯಾಮೆರಾದಲ್ಲಿ 4000 ಕೆಲ್ವಿನ್ ಆಸುಪಾಸು ಇಟ್ಟರೆ ಚರ್ಮ ಹಿತವಾಗಿ ಬರುತ್ತದೆ, ಸ್ಟೇಜಿನ ನೀಲಿ ಇನ್ನೂ ಆಳವಾಗುತ್ತದೆ. ಪೂರ್ತಿ ಸಿಟಿಒ ಬೇಕಾಗುವುದು ಹಳೆಯ ಟಂಗ್‌ಸ್ಟನ್ ದೀಪಗಳಿರುವ, 3200 ಕೆಲ್ವಿನ್ ಆಸುಪಾಸಿನ ಸ್ಟೇಜಿಗೆ. ಅದು ಸುಮಾರು ಮುಕ್ಕಾಲು ಸ್ಟಾಪ್ ಬೆಳಕು ತಿನ್ನುತ್ತದೆ. ಗಾಢ ನೀಲಿ, ಗಾಢ ಕೆಂಪು ಇನ್ನೂ ಎಷ್ಟೋ ಜಾಸ್ತಿ ತಿನ್ನುತ್ತವೆ, ಅವನ್ನು ಹಾಕಿದರೆ ಪವರ್ ಏರಿಸಲೇಬೇಕು. ಗಾಢ ಬಣ್ಣ ಹಿಂದಿನ ಫ್ಲಾಶಿಗೆ ಮಾತ್ರ ಇರಲಿ. ಮುಖಕ್ಕೆ ಹಾಕಿದರೆ ಮತ್ತೆ ಅದೇ ಕೆಂಪು ಮುಖದ ಕಥೆ.

ಹೊಗೆ ಅಂದರೆ ನನಗೆ ಬಹಳ ಇಷ್ಟ. ಆದರೆ ಹುಷಾರಾಗಿ ಇರಬೇಕು. ಮುಂದಿನಿಂದ ಹೊಡೆದ ಫ್ಲಾಶ್ ಹೊಗೆಗೆ ತಾಗಿ ಇಡೀ ಚಿತ್ರವನ್ನು ಹಾಲಿನಂತೆ ಬಿಳಿಚಿಸುತ್ತದೆ. ಹಿಂದಿನ ಫ್ಲಾಶ್ ಅದೇ ಹೊಗೆಯಲ್ಲಿ ಕಿರಣ ಬರೆಯುತ್ತದೆ. ಹೊಗೆ ಬಂದ ಕೂಡಲೇ ಮುಂದಿನ ಗುಂಪನ್ನು ಟ್ರಿಗರಿನಲ್ಲಿ ಆಫ್ ಮಾಡಿ, ಹಿಂದಿನದನ್ನು ಮಾತ್ರ ಇಟ್ಟುಕೊಳ್ಳಿ. ಅದಕ್ಕೇ ಎರಡು ಫ್ಲಾಶನ್ನು ಎ, ಬಿ ಅಂತ ಬೇರೆ ಬೇರೆ ಗುಂಪಿಗೆ ಹಾಕಬೇಕು.

ಗ್ರಿಡ್ (ಫ್ಲಾಶಿನ ಮುಂದೆ ಹಾಕುವ ಜೇನುಗೂಡಿನಂಥ ಜಾಲರಿ) ಇಲ್ಲದೆ ಹೋಗಬೇಡಿ. ಅದು ಬೆಳಕನ್ನು ಬೇಕಾದ ಕಡೆಗೆ ಮಾತ್ರ ಬಿಡುತ್ತದೆ. ಕೇಳುಗರ ಕಣ್ಣಿಗೆ, ನಿಮ್ಮ ಲೆನ್ಸಿಗೆ ನೇರವಾಗಿ ಬೀಳುವುದಿಲ್ಲ. ಗ್ರಿಡ್ ಇಲ್ಲದಿದ್ದರೆ ದಪ್ಪ ಕಪ್ಪು ಹಾಳೆಯನ್ನು ಕೊಳವೆ ಮಾಡಿ ಫ್ಲಾಶಿನ ತಲೆಗೆ ಸುತ್ತಿ, ಅದೂ ನಡೆಯುತ್ತದೆ.

ದೂರದ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಫ್ಲಾಶಿನಿಂದ ಹಾಡುವವರು 2 ಮೀಟರ್, ಗಿಟಾರಿನವರು 4 ಮೀಟರ್ ದೂರ ಇದ್ದರೆ ಗಿಟಾರಿನವರಿಗೆ ಸಿಗುವುದು ಕಾಲು ಭಾಗ ಬೆಳಕು. ಫ್ಲಾಶನ್ನು ಮೂರು ಮೀಟರ್ ಹಿಂದೆ ಒಯ್ದರೆ 5 ಮತ್ತು 7 ಮೀಟರ್. ಆಗ ಅರ್ಧ ಸಿಗುತ್ತದೆ. ಎರಡು ಸ್ಟಾಪಿನ ವ್ಯತ್ಯಾಸ ಒಂದಕ್ಕೆ ಇಳಿಯಿತು. ಆದಷ್ಟು ದೂರ, ಆದಷ್ಟು ಎತ್ತರ.


ಲೈಟುಮೇಜು:

ಎತ್ತರ ಅಂದಿರಲ್ಲ, ಅದಕ್ಕೆ ಇನ್ನೊಂದು ಮಾತು. ಜನರ ತಲೆಯ ಮೇಲೆ ಏನೇ ಕಟ್ಟಿದರೂ ಎರಡು ಹಿಡಿತ ಇರಬೇಕು. ಒಂದು ಗಟ್ಟಿ ಕ್ಲಾಂಪ್, ಇನ್ನೊಂದು ಸೇಫ್ಟಿ ಕೇಬಲ್. ಉಕ್ಕಿನ ತಂತಿ, ತುದಿಗೆ ಕೊಕ್ಕೆ. ನಾವು ಪ್ರತಿ ದೀಪಕ್ಕೂ ಹಾಕುತ್ತೇವೆ. ಬೇಸ್ ಜೋರಾದಾಗ ಇಡೀ ಪೈಪು ನಡುಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಫ್ಲಾಶಿನ ಬುಡದ ಪ್ಲಾಸ್ಟಿಕ್ ಪಾದ ಮುರಿಯುವುದೂ ಇದೆ. ಅದಕ್ಕೆ ಕೇಬಲನ್ನು ಕ್ಲಾಂಪಿಗೆ ಮಾತ್ರ ಹಾಕಿದರೆ ಸಾಲದು, ಫ್ಲಾಶಿನ ಮೈಗೂ ಸುತ್ತಿ ಹಾಕಿ.

ಬರೀ ಟೇಪಿನಲ್ಲಿ ನೇತು ಹಾಕಬೇಡಿ. ದೀಪದ ಬಿಸಿಗೆ ಅಂಟು ಕರಗುತ್ತದೆ. ನೆಲದ ಮೇಲಿನ ಸ್ಟ್ಯಾಂಡಿಗೆ ಮರಳಿನ ಚೀಲ, ಕಾಲುಗಳಿಗೆ ಗ್ಯಾಫರ್ ಟೇಪ್. ಸ್ಟೇಜಿನ ಪೈಪು, ಟ್ರಸ್ ನಮ್ಮ ಜವಾಬ್ದಾರಿ. ಕೇಳದೆ ಮುಟ್ಟಬೇಡಿ.


ಮಬ್ಬುಬೆಳಕು:

ಮೂರು ವಾರ ಆದ ಮೇಲೆ ಮತ್ತೆ ಬಂದಿದ್ದೇನೆ. ನಿನ್ನೆ ರಾತ್ರಿ ಎರಡನೇ ಕಾರ್ಯಕ್ರಮ ಮುಗಿಯಿತು. ಏನೇನಾಯಿತು ಅಂತ ಬರೆಯುತ್ತೇನೆ.

ಸೌಂಡ್ ಚೆಕ್‌ಗೆ ಒಂದು ಗಂಟೆ ಮೊದಲೇ ಹೋದೆ. ಲೈಟಿಂಗ್ ನೋಡಿಕೊಳ್ಳುವ ಮೇಡಂ ಹತ್ತಿರ ಫ್ಲಾಶ್ ತೋರಿಸಿ, ಎರಡು ಸಲ ಹೊಡೆದು ತೋರಿಸಿದೆ. ಮೊದಲು ಹಿಂಜರಿದರು. ಒಂದು ಒತ್ತಿಗೆ ಒಂದೇ, ನಿಧಾನದ ಹಾಡುಗಳಲ್ಲಿ ಇಲ್ಲವೇ ಇಲ್ಲ ಅಂತ ಹೇಳಿದ ಮೇಲೆ ಒಪ್ಪಿದರು. ಹಾಡಿನ ಪಟ್ಟಿ ಕೊಟ್ಟು ನಾಲ್ಕು ಹಾಡಿಗೆ ಗೆರೆ ಎಳೆದರು, ಇವುಗಳಲ್ಲಿ ಮುಟ್ಟಬೇಡಿ ಅಂತ. ಏಣಿಯನ್ನೂ ಅವರೇ ಕೊಟ್ಟರು. ಬಾಗಿಲಲ್ಲಿ ಮಿನುಗುವ ಬೆಳಕಿನ ಎಚ್ಚರಿಕೆ ಆಗಲೇ ಅಂಟಿಸಿದ್ದರು.

ಮುಂದಿನ ಎಡ ಮೂಲೆಯಲ್ಲಿ, ಅವರ ಪಾರ್ ಲೈಟಿನ ಪಕ್ಕದಲ್ಲೇ ಒಂದು. ಅರ್ಧ ಸಿಟಿಒ, ಗ್ರಿಡ್, 1/32 ಪವರ್. ಡ್ರಮ್ಸ್ ಹಿಂದೆ ಬಲಕ್ಕೆ, ತಲೆಗಿಂತ ಮೇಲೆ ಇನ್ನೊಂದು. ಜೆಲ್ ಇಲ್ಲ, 1/64. ಎರಡಕ್ಕೂ ಕೇಬಲ್. ಕ್ಯಾಮೆರಾ ಐಎಸ್‌ಒ 1600, ಎಫ್ 2.8, 1/100. ಫ್ಲಾಶ್ ಆಫ್ ಮಾಡಿ ನೋಡಿದರೆ ಹಿನ್ನೆಲೆ ಮಂಕಾಗಿ, ಬಣ್ಣ ತುಂಬಿಕೊಂಡು ಬರುತ್ತಿತ್ತು.

ಸುಮಾರು ಇನ್ನೂರು ಸಲ ಒತ್ತಿದೆ. ಐದಾರು ಸಲ ಮಾತ್ರ ತಪ್ಪಿತು, ಅದೂ ನಾನು ಸ್ಪೀಕರಿನ ಹಿಂದೆ ಹೋಗಿ ನಿಂತಾಗ. ಗಿಟಾರಿನವರದು ತಂತಿಯೇ, ಹಾಗಾಗಿ ಆ ಚಿಂತೆ ಇರಲಿಲ್ಲ.

ಮೂರನೇ ಹಾಡಿನಲ್ಲಿ ಹೊಗೆ ಬಂತು. ಮುಂದಿನದನ್ನು ಆಫ್ ಮಾಡಿದೆ. ಹಿಂದಿನ ಫ್ಲಾಶ್ ಒಂದೇ. ಹಾಡುವವರು ಮೈಕ್ ಸ್ಟ್ಯಾಂಡ್ ಬಾಗಿಸಿ ಹಿಂದಕ್ಕೆ ತಿರುಗಿ ಡ್ರಮ್ಸ್ ಕಡೆ ನೋಡಿದರು. ಕಿರಣ ಅವರ ಕೂದಲ ಸುತ್ತ ಒಡೆದು ಹರಡಿತು, ಕೋಲು ಗಾಳಿಯಲ್ಲಿ, ಡ್ರಮ್ಸ್‌ನವರು ನಗುತ್ತಿದ್ದಾರೆ. ಒಂದೇ ಚಿತ್ರ. ಎರಡು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಅದೇ ನನಗೆ ಇಷ್ಟ.

ಒಂದು ತೊಂದರೆ ಉಳಿದಿದೆ. ಜೋರು ಹಾಡಿನಲ್ಲಿ ಶಟರ್ 1/15ಕ್ಕೆ ಇಳಿಸಿ ಬೆಳಕಿನ ಗೆರೆ ಹಿಡಿಯಲು ಹೋದೆ. ಗೆರೆ ಬಂತು, ಆದರೆ ಗಿಟಾರಿನವರ ಮುಂದೆ ಬಂತು. ಅವರು ಹಿಂದಕ್ಕೆ ಓಡುತ್ತಿರುವ ಹಾಗೆ ಕಾಣುತ್ತದೆ. ಇದಕ್ಕೆ ಏನು ಮಾಡುವುದು?


ತಂತಿಯಿಲ್ಲ:

ಫ್ಲಾಶ್ ಶುರುವಿನಲ್ಲೇ ಹೊಡೆದು, ಆಮೇಲೆ ಅವರು ಮುಂದೆ ಚಲಿಸಿದ್ದು ಗೆರೆಯಾಗಿದೆ. ಕ್ಯಾಮೆರಾದಲ್ಲಿ ರಿಯರ್ ಕರ್ಟನ್ ಸಿಂಕ್ ಹಾಕಿ. ಶಟರ್ ಮುಚ್ಚುವ ಮುಂಚಿನ ಕ್ಷಣದಲ್ಲಿ ಫ್ಲಾಶ್ ಹೊಡೆಯುತ್ತದೆ, ಗೆರೆ ಅವರ ಹಿಂದೆ ಬೀಳುತ್ತದೆ. ಎಲ್ಲ ಕ್ಯಾಮೆರಾ, ಎಲ್ಲ ಟ್ರಿಗರ್ ಜೊತೆಯಾಗಿ ಇದನ್ನು ಮಾಡುವುದಿಲ್ಲ. ಮನೆಯಲ್ಲಿ ಒಂದು ಸೆಕೆಂಡ್ ಶಟರ್ ಇಟ್ಟು ಪರೀಕ್ಷಿಸಿ. ಒತ್ತಿದ ಕೂಡಲೇ ಹೊಡೆದರೆ ನಿಮ್ಮ ಜೋಡಿಯಲ್ಲಿ ಆಗುವುದಿಲ್ಲ. ಕೊನೆಯಲ್ಲಿ ಹೊಡೆದರೆ ಆಗುತ್ತದೆ.

ಆಗದಿದ್ದರೆ ಅವರ ಚಲನೆಯ ಗೆರೆ ಹಿಡಿಯುವುದನ್ನು ಬಿಟ್ಟು ಕ್ಯಾಮೆರಾವನ್ನೇ ಒಂದು ಚೂರು ತಿರುಗಿಸಿ. ಹಿನ್ನೆಲೆಯ ದೀಪಗಳು ಬಾಗಿದ ಗೆರೆಯಾಗುತ್ತವೆ, ಫ್ಲಾಶ್ ಬಿದ್ದ ಮುಖ ಅಲುಗುವುದಿಲ್ಲ. ಮುಖದ ಮೇಲೆ ಸ್ಟೇಜ್ ಲೈಟ್ ಕಡಿಮೆ ಇರುವ ಹೊತ್ತು ನೋಡಿಕೊಂಡು ಮಾಡಿ, ಇಲ್ಲದಿದ್ದರೆ ಮುಖವೂ ಎರಡೆರಡು ಕಾಣುತ್ತದೆ.


ಸಿಂಬಲ್‌ಸದ್ದು:

ಆ ಡ್ರಮ್ಸ್‌ನವರಿಗೆ ಚಿತ್ರ ಕಳಿಸಿದಿರಾ?


ಮಬ್ಬುಬೆಳಕು:

ರಾತ್ರಿಯೇ ಕಳಿಸಿದೆ. ಲೈಟಿಂಗ್ ಮೇಡಂಗೂ ಕಳಿಸಿದ್ದೇನೆ. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಹಿಂದಿನ ಪೈಪಿನಲ್ಲಿ ಜಾಗ ಬಿಟ್ಟಿರುತ್ತೇನೆ ಅಂತ ಹೇಳಿದ್ದಾರೆ. ಅಷ್ಟರಲ್ಲಿ ರಿಯರ್ ಕರ್ಟನ್ ಪರೀಕ್ಷೆ ಮಾಡಿ ಇಲ್ಲೇ ಬರೆಯುತ್ತೇನೆ.